ಹಸಿರು ನೆಟ್‌ನ ಕೆಳಗೆ

ಹೋಟೆಲ್ ಅಕ್ಕನ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಸದಾ ಇದ್ದಿಲಿನ ಕಪ್ಪು ಗೆರೆಯೊಂದು ಇರುತ್ತಿತ್ತು. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟಾಗಲೂ ಅದು ಹೋಗುತ್ತಿರಲಿಲ್ಲ. ಇದ್ದಿಲನ್ನು ಅಡಿಕೆ ಗಾತ್ರಕ್ಕೆ ಒಡೆದು, ಗಂಡನ ಹೋಟೆಲಿನಲ್ಲಿ ಚಟ್ನಿಗೆ ಸುಲಿದ ತೆಂಗಿನಕಾಯಿಯ ಸಿಪ್ಪೆ ಬೆರೆಸಿ, ಅವರು ಆರ್ಕಿಡ್ ಕುಂಡಗಳನ್ನು ತುಂಬುತ್ತಿದ್ದರು. ಆರ್ಕಿಡ್‌ಗೆ ಮಣ್ಣು ಹಾಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಗುಜರಾತಿನ ನವರಂಗಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆಗಳು ಎರಡೇ. ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಬಂದು ಬಿದ್ದ ನನ್ನದೊಂದು, ಉಡುಪಿ ಕಡೆಯ ಅಕ್ಕನದೊಂದು. ಹೋದ ಮಳೆಗಾಲ ಶುರುವಾಗುವ ಹೊತ್ತಿಗೆ ಅಕ್ಕ ತೀರಿಕೊಂಡರು. ಅವರ ಕಣ್ಣು ಹಳದಿಯಾದದ್ದನ್ನು ಹೊರಗಿನವರಲ್ಲಿ ಮೊದಲು ನೋಡಿದವಳು ನಾನು. ನೋಡಿ ಸುಮ್ಮನಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲೆ ಇದೆ, ಅವರ ಮೇಲೆ ಅದಕ್ಕಿಂತ ಹೆಚ್ಚು ಇದೆ. ಹಣೆಬರಹ ಎಂದು ಸಮಾಧಾನ ಹೇಳಲು ಬಂದವರ ಮೇಲಂತೂ ಹೇಳುವುದೇ ಬೇಡ.

ನಮ್ಮ ಒಡನಾಟ ಶುರುವಾದದ್ದೇ ಬೈಗುಳದಿಂದ. ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ನಮ್ಮ ಮನೆಗೆ ಬಂದ ಅಕ್ಕ ಟಿವಿ ಪಕ್ಕದಲ್ಲಿದ್ದ ನನ್ನ ಆರ್ಕಿಡ್ ನೋಡಿದರು. ನರ್ಸರಿಯಿಂದ ತಂದಾಗ ಇದ್ದ ಹೂ ಉದುರಿದ ಮೇಲೆ ಎರಡು ವರ್ಷ ಅದು ಮೊಗ್ಗು ಬಿಟ್ಟಿರಲಿಲ್ಲ, ಎಲೆಗಳ ತುದಿ ಸುಟ್ಟಂತೆ ಕಂದಾಗಿತ್ತು. ಯಾವ ನೀರು ಹಾಕುವುದೆಂದು ಕೇಳಿದರು. ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನು ಚೆಲ್ಲದೆ ಹಿಡಿದಿಟ್ಟು ಹಾಕುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ.

"ಎಂತ ಮಾರಾಯ್ತಿ, ನೀನು ಗಿಡ ಸಾಕುದಾ, ಉಪ್ಪಿನಕಾಯಿ ಹಾಕುದಾ? ಇಲ್ಲಿಯ ಬೋರಿನ ನೀರೇ ಉಪ್ಪು. ಆ ಉಪ್ಪನ್ನೆಲ್ಲ ಸೋಸಿ ಬಿಸಾಡಿದ ನೀರು ಅದು. ಅದನ್ನೇ ತಂದು ಬೇರಿಗೆ ಹೊಯ್ತಿಯಲ್ಲ."

ಕುಂಕುಮಕ್ಕೆ ಬಂದಿದ್ದ ನನ್ನ ಬ್ಯಾಂಕಿನ ಕನ್ನಡದ ಹೆಂಗಸರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ತಾಂಬೂಲ ಕೊಡುವಾಗ ಅಕ್ಕನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಒಂದು ಎಣ್ಣೆ ಡಬ್ಬಿಯ ತುಂಬ ಏಸಿ ಪೈಪಿನಿಂದ ತೊಟ್ಟಿಕ್ಕಿದ ನೀರು ತಂದು ಬಾಗಿಲಲ್ಲಿಟ್ಟರು. "ಇದ್ರಲ್ಲಿ ಉಪ್ಪಿಲ್ಲ. ಮೊದ್ಲು ಬೇರು ಚೆಂದ ತೊಳಿ," ಎಂದು ಹೇಳಿ ಹೋದರು. ಕ್ಷಮೆ ಗಿಮೆ ಏನೂ ಇಲ್ಲ.

ಹೊಸ ಎಲೆಗಳು ಚೊಕ್ಕವಾಗಿ, ದಟ್ಟ ಹಸಿರಾಗಿ ಬಂದವು. ನಾನು ಮತ್ತೆ ಬೀಗಿದೆ. ಅದಕ್ಕೂ ಬೈಸಿಕೊಂಡೆ. "ಕಡು ಹಸಿರಾದ್ರೆ ಅದಕ್ಕೆ ಬೆಳಕು ಸಾಲುದಿಲ್ಲ ಅಂತ. ಚಳಿಗಾಲದ ರಾತ್ರಿಯ ತಂಪೂ ತಾಗ್ಬೇಕು. ನಿನ್ನ ಹಾಗೆ ಕಿಟಕಿ ಮುಚ್ಚಿ ಮಲಗಿದ್ರೆ ಹೂ ಬರುದಿಲ್ಲ." ಕುಂಡವನ್ನು ಎತ್ತಿಕೊಂಡು ಹೋಗಿ ತಾರಸಿಯಲ್ಲಿ ನೆರಳಿಗೆಂದು ಹಸಿರು ನೆಟ್ ಕಟ್ಟಿದ್ದ ತಮ್ಮ ಗಿಡಗಳ ಸಾಲಿಗೆ ಸೇರಿಸಿಬಿಟ್ಟರು. ಫೆಬ್ರವರಿಯಲ್ಲಿ ಒಂದೇ ಕಡ್ಡಿಯಲ್ಲಿ ಒಂಬತ್ತು ಹೂ ಬಂತು. ನಾನು ಪಕ್ಕದ ಗುಜರಾತಿ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಕ್ಕ ಮಾತ್ರ ಜಾಗ ಬದಲಿಸಬೇಡ ಎಂದಷ್ಟೇ ಹೇಳಿದರು.

ಆ ನೆಟ್‌ನ ಕೆಳಗೆ ಯಾವ ಬಣ್ಣವನ್ನೂ ನಂಬಬಾರದು ಎಂದು ನನಗೆ ಕಲಿಸಿದವರೂ ಅವರೇ. ಅಲ್ಲಿ ಎಲ್ಲವೂ ಒಂದು ಥರ ಹಳದಿ ಹಸಿರಾಗಿ ಕಾಣುತ್ತದೆ. ಎಲೆಯ ಮೇಲೆ ಸಂಶಯ ಬಂದರೆ ಕುಂಡವನ್ನೇ ಹೊರಗೆ ಬಿಸಿಲಿಗೆ ತಂದು ನೋಡುತ್ತಿದ್ದರು. ಮಾರ್ಚ್ ತಿಂಗಳ ಒಂದು ಭಾನುವಾರ ನಾನು ತಾರಸಿಗೆ ಹೋದಾಗ ಅಕ್ಕ ನೆಟ್‌ನ ಕೆಳಗೆ ಸ್ಟೂಲಿನ ಮೇಲೆ ಕೂತು ಮುಂಗೈ ಕೆರೆದುಕೊಳ್ಳುತ್ತಿದ್ದರು. ಕುಪ್ಪಸ ಸಡಿಲವಾಗಿತ್ತು. ಕಣ್ಣಿನ ಬಿಳಿ ಭಾಗ ಹಳದಿಯಾಗಿ ಕಂಡಿತು. ನೆಟ್‌ನ ಬಣ್ಣ ಎಂದುಕೊಂಡೆ. ಎರಡು ಹೆಜ್ಜೆ ಆಚೆ ಬಿಸಿಲಿತ್ತು. "ಅಕ್ಕ, ಒಂಚೂರು ಈಚೆ ಬನ್ನಿ" ಎನ್ನಲು ನನ್ನ ನಾಲಿಗೆಗೆ ಏನಾಗಿತ್ತು? ಬ್ಯಾಂಕಿನ ವರ್ಷಾಂತ್ಯ ನನ್ನ ತಲೆಯಲ್ಲಿ ಕೂತಿತ್ತು. ಗೊಬ್ಬರದ ಬಗ್ಗೆ ಏನೋ ಕೇಳಿ ಇಳಿದು ಬಂದೆ.

ಮೇ ತಿಂಗಳಲ್ಲಿ ಅವರು ಹೋಟೆಲಿನ ಅಡುಗೆಮನೆಯಲ್ಲೇ ಕುಸಿದರು. ಪಿತ್ತನಾಳದಲ್ಲಿ ಗಡ್ಡೆ. ಎರಡು ತಿಂಗಳ ಮೊದಲು ಬಂದಿದ್ದರೆ ಆಪರೇಷನ್ ಮಾಡಬಹುದಿತ್ತು ಎಂದು ಡಾಕ್ಟರು ಅವರ ಯಜಮಾನರಿಗೆ ಹೇಳಿದರು. ಆಸ್ಪತ್ರೆಗೆ ಹೋದಾಗ ಅಕ್ಕ, ತಮಗೆ ಮೊದಲೇ ಗೊತ್ತಿತ್ತು ಎಂದು ತಣ್ಣಗೆ ಹೇಳಿದರು. "ನನ್ನ ಮನೆಯಲ್ಲಿ ಕನ್ನಡಿ ಇಲ್ವಾ? ಕಾಮಾಲೆಗೆ ಅಂತ ಊರಿಂದ ನೆಲನೆಲ್ಲಿ ತರಿಸಿ ಕುಡಿದೆ. ಹೋಟ್ಲಲ್ಲಿ ಇಬ್ರು ಅಡುಗೆಯವ್ರು ಬಿಟ್ಟು ಹೋಗಿದ್ರು. ಡಾಕ್ಟ್ರ ಹತ್ರ ಹೋದ್ರೆ ಮಲಗಿಸ್ತಾರೆ. ಮತ್ತೆ ಬೆಳಿಗ್ಗೆಯ ಕೆಲಸ ಯಾರು ನೋಡುದು?"

ನನಗೆ ತಡೆಯಲಾಗಲಿಲ್ಲ. ಇಡೀ ವಾರ್ಡಿಗೆ ಕೇಳುವಂತೆ ಬೈದೆ. "ಒಂದ್ ಗಿಡದ ಎಲೆ ತುದಿ ಸುಟ್ಟಿದ್ದಕ್ಕೆ ಅಷ್ಟ್ ಜನದ ಎದುರಿಗೆ ನನ್ನ ಮಾನ ಕಳೆದ್ರಿ. ಕಣ್ಣು ಹಳದಿ ಆಗಿದೆ ಅಂತ ನನ್ ಹತ್ರ ಒಂದ್ ಮಾತು ಹೇಳಕ್ಕೆ ಆಗ್ಲಿಲ್ವಾ? ಏನಂದ್ಕೊಂಡಿದೀರಿ ನೀವು?" ನರ್ಸ್ ಬಂದು ಗುಜರಾತಿಯಲ್ಲಿ ನನ್ನನ್ನು ಸುಮ್ಮನಿರಿಸಿದಳು.

"ನೀನು ಕೇಳಲೂ ಇಲ್ಲ ಅಲ್ವಾ ಮಾರಾಯ್ತಿ," ಎಂದರು ಅಕ್ಕ.

ನಾನು ಎದ್ದು ಬಂದುಬಿಟ್ಟೆ. ಮರುದಿನ ಹೋಗುವಷ್ಟರಲ್ಲಿ ಅವರಿಗೆ ಪ್ರಜ್ಞೆ ತಪ್ಪಿತ್ತು. ಅದು ಮತ್ತೆ ಬರಲಿಲ್ಲ.

ಹದಿಮೂರನೆಯ ದಿನ ಊಟಕ್ಕೆ ಹೋದಾಗ ಅವರ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ಆ ದಿನ ನೀವು ಹೋದ ಮೇಲೆ ಅವ್ಳು ನಗಾಡ್ತಿದ್ಲು. ಇಷ್ಟು ವರ್ಷದಲ್ಲಿ ನನಗೆ ಒಬ್ಳಾದ್ರೂ ಬೈದ್ಲು, ಸಾಕು ಅಂತ ಹೇಳಿದ್ಲು," ಎಂದರು. ನನ್ನ ಮನಸ್ಸು ಹಗುರಾಗಲಿ ಎಂದು ಆ ಮನುಷ್ಯ ಹೇಳಿದ್ದು. ಹಗುರಾಗಲಿಲ್ಲ. ಆ ಬೈಗುಳವನ್ನು ಮಾರ್ಚ್‌ನಲ್ಲೇ, ತಾರಸಿಯಲ್ಲೇ ಬೈದಿದ್ದರೆ ಅಕ್ಕ ಉಳಿಯುತ್ತಿದ್ದರೋ ಏನೋ.