ಹಡಗಿನ ಮೇಲೆ ಹಿಂದಕ್ಕೆ ಸರಿದ ಕುರಿ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರಾಗಿದ್ದವನು ನಾನು. ಕುಂದುರ್ಪಿ ಕಡೆಯ ಪ್ರಯಾಣಿಕರು ದೆವ್ವದ ಕಥೆ ಹೇಳುವುದು ಮಾಮೂಲಾಗಿತ್ತು. ಯಾವುದೋ ತಿರುವಿನಲ್ಲಿ ಒಬ್ಬ ಹೆಂಗಸು ಕೈ ಅಡ್ಡ ಹಿಡಿದು ಬಸ್ಸು ಹತ್ತಿದಳಂತೆ, ಮುಂದಿನ ಸ್ಟಾಪಿನಲ್ಲಿ ನೋಡಿದರೆ ಸೀಟು ಖಾಲಿಯಂತೆ. “ಟಿಕೆಟ್ ತಗಂಡಿದ್ಲಾ?” ಎಂದು ನಾನು ಕೇಳುತ್ತಿದ್ದೆ. ಬಸ್ಸೆಲ್ಲ ನಗುತ್ತಿತ್ತು. ಹೇಳಿದವನ ಮುಖ ಸಣ್ಣಗಾಗುತ್ತಿತ್ತು. ಈಗ ನಾನು ಹೇಳುವುದನ್ನು ಓದಿ ನೀವೂ ಹಾಗೆ ನಕ್ಕರೆ ನನಗೆ ಬೇಸರವಿಲ್ಲ.

ನನ್ನ ಅಳಿಯ ನಾಗರಾಜನಿಗೆ ಹಿಂದೂಪುರದಲ್ಲಿ ಬೋರ್‌ವೆಲ್ ಮೋಟಾರು, ಪೈಪುಗಳ ಅಂಗಡಿಯಿದೆ. ಎರಡು ವರ್ಷಗಳ ಹಿಂದೆ ಮೋಟಾರು ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳನ್ನು ಮನೆಮಂದಿಯ ಸಮೇತ ಹಡಗಿನ ಪ್ರವಾಸಕ್ಕೆ ಕರೆದುಕೊಂಡು ಹೋದರು. ಚೆನ್ನೈನಲ್ಲಿ ಹತ್ತುವುದು, ಮೂರು ದಿನ ಸಮುದ್ರದ ಮೇಲಿದ್ದು ಮತ್ತೆ ಚೆನ್ನೈನಲ್ಲೇ ಇಳಿಯುವುದು. ಮಗಳು ಸುಜಾತ ನನ್ನನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಪ್ರವಾಸಕ್ಕೂ ನಾಲ್ಕು ವರ್ಷ ಮುಂಚೆ ನನಗೆ ಲಕ್ವ ಹೊಡೆದಿತ್ತು. ಕಾಲು ಸರಿಹೋಯಿತು, ಮಾತು ಸರಿಹೋಯಿತು. ಎಡಗೈ ಮಾತ್ರ ಬರಲಿಲ್ಲ. ಭುಜದಿಂದ ಸ್ವಲ್ಪ ಎತ್ತಬಲ್ಲೆ, ಅಷ್ಟೇ. ಬೆರಳುಗಳು ಮಡಚುವುದಿಲ್ಲ. ಅಂಗಿಯ ಗುಂಡಿಯನ್ನು ಇವತ್ತಿಗೂ ಮಗಳೇ ಹಾಕಬೇಕು. ಈ ವಿಷಯ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಡಗೆಂದರೆ ದೋಣಿಯ ದೊಡ್ಡಪ್ಪ ಇರಬೇಕು ಅಂದುಕೊಂಡಿದ್ದೆ. ನೋಡಿದರೆ ಹನ್ನೊಂದು ಅಂತಸ್ತಿನ ಕಟ್ಟಡ. ಒಳಗೆ ಲಿಫ್ಟು, ಈಜುಕೊಳ, ಮಕ್ಕಳು ಜಾರುವ ನೀರಿನ ಕೊಳವೆ, ಹಗ್ಗ ಹಿಡಿದು ಹತ್ತುವ ಗೋಡೆ, ಜಾದೂ ತೋರಿಸುವ ದೊಡ್ಡ ಹಾಲ್. ಆವತ್ತು ಎಲ್ಲೆಲ್ಲಿ ಏನೇನು ಆಟವಿದೆ ಎಂಬ ಕಾಗದವನ್ನು ಬೆಳಿಗ್ಗೆ ಬಾಗಿಲ ಸಂದಿಯಿಂದ ತಳ್ಳಿ ಹೋಗುತ್ತಿದ್ದರು. ಸುಜಾತ ಟವೆಲ್ಲನ್ನು ಮಡಿಸಿ ಆನೆ ಮಾಡುವುದನ್ನು ಕಲಿತಳು. ನಾಗರಾಜ ಬಲೆ ಕಟ್ಟಿದ ಮೇಲಟ್ಟದಲ್ಲಿ ಕ್ರಿಕೆಟ್ ಆಡಿ ಸೊಂಟ ಹಿಡಿಸಿಕೊಂಡ. ಉಳಿದ ಡೀಲರುಗಳು ಸಮುದ್ರದ ನಡುವೆ, ಈಜುಕೊಳದ ಎದೆಮಟ್ಟ ನೀರಿನಲ್ಲಿ ನಿಂತು, ಬ್ರಹ್ಮಸಮುದ್ರದ ಕಡೆ ಈಗ ಎಷ್ಟು ಅಡಿಗೆ ನೀರು ಬೀಳುತ್ತಿದೆ ಎಂದು ಮಾತಾಡುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಮನೆಯ ಹಿರಿಯರಿಗೆ ಒಂದು ಕಾರ್ಯಕ್ರಮವಿತ್ತು. ಪ್ರತಿಯೊಬ್ಬ ತಾತ, ಅಜ್ಜಿ ತಮ್ಮ ಊರಿನ ಒಂದು ಆಟವನ್ನು ಮೊಮ್ಮಕ್ಕಳಿಗೆ ಕಲಿಸಿ, ಅವರ ಜೊತೆ ಆಡಬೇಕು. ಮೊಮ್ಮಕ್ಕಳನ್ನು ಗೆದ್ದ ಹಿರಿಯರಿಗೆ ವೇದಿಕೆಯ ಮೇಲೆ ಕಿರೀಟ ಹಾಕಿ ಮೈಕು ಕೊಡುತ್ತಾರೆ. ನಾನು ಹುಲಿ-ಕುರಿ ಆಟ ಆರಿಸಿಕೊಂಡೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಯಾವ ಹುಲಿಗೂ ಅಲ್ಲಾಡಲು ಜಾಗ ಇಲ್ಲದಂತೆ ಕುರಿಗಳು ಕಟ್ಟಿಹಾಕಿದರೆ ಕುರಿಯವನು ಗೆದ್ದಂತೆ. ಈ ಆಟದಲ್ಲಿ ನನ್ನನ್ನು ಸೋಲಿಸಿದವರೇ ಇಲ್ಲ ಎಂದು ತಿಂಡಿಯ ಹೊತ್ತಿನಿಂದ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೆ.

ಮೊಮ್ಮಗಳು ಹಂಸಳಿಗೆ ಆಗ ಹನ್ನೊಂದು ವರ್ಷ. ಚಾರ್ಟಿನ ಮೇಲೆ ಅವಳೇ ಸ್ಕೆಚ್ ಪೆನ್ನಿನಲ್ಲಿ ಆಟದ ಮನೆ ಬರೆದಳು. ಹಡಗಿನವರು ಕೆಂಪು, ಬಿಳಿ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟರು. ಅವಳು ಹುಲಿ, ನಾನು ಕುರಿ. ಕಲಿತು ಅರ್ಧ ಗಂಟೆಯಾಗಿರಲಿಲ್ಲ, ನನ್ನ ನಾಲ್ಕು ಕುರಿ ತಿಂದಳು. ಹೇಗೋ ಎರಡು ಹುಲಿ ಕಟ್ಟಿದೆ. ಮೂರನೆಯದು ಮೂಲೆಯಲ್ಲಿತ್ತು. ಅದಕ್ಕೆ ಒಂದೇ ಒಂದು ದಾರಿ ಉಳಿದಿತ್ತು. ಅವಳದೇ ಸರದಿ. ಅವಳು ಕಂಡುಕೊಂಡರೆ ನಾನು ಸೋತೆ. ಪಕ್ಕದ ಮೇಜಿನಲ್ಲಿ ಚಿಲಮತ್ತೂರಿನ ಡೀಲರೊಬ್ಬರ ತಂದೆ ಕೂತಿದ್ದರು. “ಏನ್ ಕಂಡಕ್ಟ್ರೇ, ಮೊಮ್ಮಗಳು ನಿಮಗೇ ರೈಟ್ ರೈಟ್ ಅಂತಾವ್ಳೆ. ಇಳ್ಕಳಿ, ನಿಮ್ಮ ಸ್ಟಾಪ್ ಬಂತು” ಅಂದರು. ಅಷ್ಟರಲ್ಲಿ ಐಸ್‌ಕ್ರೀಮ್ ಕೊಡುತ್ತಾರೆಂದು ಮಕ್ಕಳನ್ನು ಕೂಗಿದರು. ಹಂಸ ಎದ್ದು ಓಡಿದಳು.

ನಾನು ಒಬ್ಬನೇ ಆಟದ ಮನೆಯನ್ನು ನೋಡುತ್ತಾ ಕುಳಿತೆ. ಆಗ ನನಗೆ ಹೊಳೆಯಿತು. ಈ ಮೂಲೆ, ಈ ಹುಲಿ, ಈ ದಾರಿ ನಾನು ಮೊದಲೇ ನೋಡಿದ್ದು. ಅದೇನೆಂದು ಹೇಳದೆ ಮುಂದಕ್ಕೆ ಹೋಗಲಾರೆ.

ನಮ್ಮದು ನೇಯ್ಗೆಯ ಮನೆ. ನಾನು ಮತ್ತು ತಮ್ಮ ಚೌಡಪ್ಪ ಒಂದೇ ತರಗತಿಯಲ್ಲಿದ್ದೆವು, ಏಕೆಂದರೆ ನಾನು ಒಂದು ವರ್ಷ ಫೇಲಾಗಿದ್ದೆ. ಚೌಡಪ್ಪ ಚುರುಕು. ಇಬ್ಬರೂ ಏಳನೇ ಕ್ಲಾಸು ಪಾಸಾದಾಗ ಅಪ್ಪ, ಒಬ್ಬನು ಹೈಸ್ಕೂಲಿಗೆ ಹೋಗಲಿ, ಒಬ್ಬನು ಮಗ್ಗದ ಗುಂಡಿಗೆ ಇಳಿಯಲಿ, ಯಾರು ಏನು ಎಂದು ನೀವೇ ತೀರ್ಮಾನಿಸಿಕೊಳ್ಳಿ ಅಂದರು. ಯಾರನ್ನು ಆರಿಸುವುದಕ್ಕೂ ಅವರಿಗೆ ಮನಸ್ಸು ಬರಲಿಲ್ಲ ಅಂತ ಈಗ ಅನ್ನಿಸುತ್ತದೆ. ನಾವು ಜಗುಲಿಯ ಕಲ್ಲಿನ ಮೇಲೆ ಹುಲಿ-ಕುರಿ ಆಡಿ ತೀರ್ಮಾನ ಮಾಡಲು ಒಪ್ಪಿದೆವು. ಅವನು ಹುಲಿ, ನಾನು ಕುರಿ. ಕೊನೆಯ ಹುಲಿಗೆ ಒಂದು ದಾರಿಯಿತ್ತು. ಆಗ ಅಮ್ಮ ಹೊರಗೆ ಮಗ್ಗಕ್ಕೆ ಕಟ್ಟುವ ಹಾಸಿನ ನೂಲು ಎಳೆದು ಹಿಡಿಯಲು ಅವನನ್ನು ಕರೆದಳು. ಅವನು ಹೋಗಿ ಬರುವಷ್ಟರಲ್ಲಿ ನಾನು ಒಂದು ಕುರಿಯನ್ನು ಒಂದು ಮನೆ ಸರಿಸಿ ದಾರಿ ಮುಚ್ಚಿದೆ. ಅವನು ಬಂದು ಬಹಳ ಹೊತ್ತು ನೋಡಿದ. ಆಮೇಲೆ ಕಲ್ಲುಗಳನ್ನು ಒಟ್ಟುಮಾಡಿ ನನ್ನ ಕೈಗೆ ಕೊಟ್ಟ.

ನಾನು ಹತ್ತನೆಯ ತರಗತಿ ಓದಿ ಕಂಡಕ್ಟರಾದೆ. ಅವನು ಹದಿಮೂರನೆಯ ವಯಸ್ಸಿಗೆ ಮಗ್ಗಕ್ಕೆ ಕೂತ. ಮದುವೆಯಾದ ಮೇಲೆ ಹೆಂಡತಿಯ ಊರಾದ ಕಲ್ಯಾಣದುರ್ಗದಲ್ಲೇ ನಿಂತ. ನನ್ನ ಬಸ್ಸು ಅಲ್ಲಿ ನಿಂತಾಗಲೆಲ್ಲ ಅವನ ಮನೆಗೆ ಹೋಗಿ ಕಾಫಿ ಕುಡಿದಿದ್ದೇನೆ. ಒಮ್ಮೆ ನೇಕಾರರ ಸಂಘಕ್ಕೆ ಅಧ್ಯಕ್ಷನಾಗು ಎಂದು ಜನ ಅವನನ್ನು ಕೇಳಿದ್ದರು. ಅವನು ಒಪ್ಪಲಿಲ್ಲ. “ನಮ್ಮನೇಲಿ ತಲೆ ಇರೋನು ನಮ್ಮಣ್ಣ ಒಬ್ನೇ” ಎಂದು ನನ್ನೆದುರಿಗೇ ಅವರಿಗೆ ಹೇಳಿದ. ನಾನು ಲೋಟ ಕೆಳಗಿಡದೆ ಕಾಫಿ ಕುಡಿದೆ.

ಇಷ್ಟೆಲ್ಲ ನೆನಪಾದ ಮೇಲೂ ಹಡಗಿನಲ್ಲಿ ನಾನು ಮಾಡಿದ್ದೇನು ಗೊತ್ತೇ? ಅತ್ತಿತ್ತ ನೋಡಿ, ಬಲಗೈಯ ತೋರುಬೆರಳಿನಿಂದ ಒಂದು ಕುರಿಯನ್ನು ಒಂದು ಮನೆ ಸರಿಸಿದೆ. ಒಂದು ಕಾಗದದ ಕಿರೀಟಕ್ಕಾಗಿ, ಹನ್ನೊಂದು ವರ್ಷದ ಮಗುವಿಗೆ ಮೋಸ. ತಲೆಯೆತ್ತಿ ಹಂಸ ಬರುತ್ತಿದ್ದಾಳೆಯೇ ಎಂದು ನೋಡಿದೆ. ಅವಳು ಸಾಲಿನಲ್ಲಿ ನಿಂತಿದ್ದಳು. ಮತ್ತೆ ಕೆಳಗೆ ನೋಡಿದರೆ ಕುರಿ ಮೊದಲಿನ ಜಾಗದಲ್ಲೇ ಇತ್ತು.

ಸರಿಸಬೇಕೆಂದುಕೊಂಡೆ, ಸರಿಸಲಿಲ್ಲವೇನೋ ಎಂದು ಭಾವಿಸಿದೆ. ಇನ್ನೊಂದು ಸಲ ಸರಿಸಿದೆ. ಬೆರಳನ್ನು ಅದರ ಮೇಲೇ ಸ್ವಲ್ಪ ಹೊತ್ತು ಒತ್ತಿಟ್ಟೆ. ಚಿಲಮತ್ತೂರಿನವರು ಮತ್ತೇನೋ ಅಂದರು, ಆ ಕಡೆ ತಿರುಗಿ ಉತ್ತರ ಕೊಟ್ಟು ಈ ಕಡೆ ತಿರುಗಿದೆ. ಕುರಿ ಮತ್ತೆ ಹಿಂದಕ್ಕೆ ಹೋಗಿತ್ತು. ಹಡಗು ಓಲಾಡಿರಬೇಕು ಎಂದು ನೀವು ಹೇಳುತ್ತೀರಿ. ಕಿಟಕಿಯಲ್ಲಿ ಸಮುದ್ರ ಕೆರೆಯ ಹಾಗೆ ಸುಮ್ಮನಿತ್ತು. ಮೇಜಿನ ಮೇಲಿನ ನೀರಿನ ಲೋಟ ತುಳುಕಿರಲಿಲ್ಲ. ಉಳಿದ ಬಿಲ್ಲೆಗಳು ಕೂದಲೆಳೆಯಷ್ಟೂ ಕದಲಿರಲಿಲ್ಲ. ಮೂರನೆಯ ಸಲ ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಹಂಸ ಎರಡು ಬಟ್ಟಲು ಐಸ್‌ಕ್ರೀಮ್ ಹಿಡಿದು ಬಂದು ಕೂತಳು. ನೋಡಿದಳು. ಹುಲಿಯನ್ನು ಎತ್ತಿ ಆ ಒಂದು ದಾರಿಯಲ್ಲಿ ಹಾರಿಸಿ ಕುರಿಯನ್ನು ತಿಂದಳು. ಆಟ ಅಲ್ಲಿಗೆ ಮುಗಿದಂತೆಯೇ. ಆಮೇಲೆ ಚಮಚ ನೆಕ್ಕುತ್ತಾ ಕೇಳಿದಳು: “ತಾತಾ, ಆ ಕುರೀನ ಬಲಗೈಲಿ ಜರುಗಿಸಿ, ಎಡಗೈಲಿ ಎತ್ತಿ ವಾಪಸ್ ಯಾಕೆ ಇಡ್ತಿದ್ದೆ? ಎರಡು ಸಲ ಮಾಡ್ದೆ.”

ನಾನು ಎಡಗೈಯಲ್ಲಿ ಇಡಲಿಲ್ಲವಮ್ಮ, ಆಗುವುದಿಲ್ಲವಲ್ಲ ಎಂದೆ. ಅವಳು ಹೆಬ್ಬೆರಳು, ತೋರುಬೆರಳು ಜೋಡಿಸಿ, “ಹಿಂಗೆ ಎತ್ತಿದೆ. ನಾನು ಸಾಲಲ್ಲಿ ನಿಂತು ನೋಡ್ತಾನೇ ಇದ್ದೆ. ನಿನ್ನ ಕೈ ಸರಿಹೋಯ್ತು ಅಂತ ಅಮ್ಮಂಗೆ ಹೇಳೋಣ ಅಂದ್ಕೊಂಡೆ” ಅಂದಳು. ಆಗ ನೋಡಿಕೊಂಡೆ. ನಾನು ಯಾವಾಗಲೂ ಮಡಿಲಲ್ಲಿಟ್ಟುಕೊಂಡು ಕೂರುವ ಎಡಗೈ ಮೇಜಿನ ಮೇಲಿತ್ತು, ಚಾರ್ಟಿನ ಅಂಚಿನಲ್ಲಿ.

ನಮ್ಮ ಗುಂಪಿನಲ್ಲಿ ಒಬ್ಬರ ಸೊಸೆ ಡಾಕ್ಟರಿದ್ದಳು. ನಮಗೆ ಗೊತ್ತಿಲ್ಲದೆಯೇ ನರಗಳು ಕೆಲವೊಮ್ಮೆ ಕೆಲಸ ಮಾಡುವುದುಂಟು ಎಂದು ಹೇಳಿ ಒಂದು ಬಿಲ್ಲೆ ಎತ್ತಲು ಹೇಳಿದಳು. ಬೆವರು ಬರುವ ತನಕ ಪ್ರಯತ್ನಪಟ್ಟೆ. ಒಂದು ಬೆರಳೂ ಮಡಚಲಿಲ್ಲ. ಆವತ್ತಿನಿಂದ ಇವತ್ತಿನವರೆಗೂ ಮಡಚಿಲ್ಲ.

ಊರಿಗೆ ಬಂದ ಮೇಲೂ ನಾಲ್ಕು ತಿಂಗಳು ತಡಮಾಡಿದೆ. ತಮ್ಮನಿಗೂ ವಯಸ್ಸಾಗಿದೆ, ಕಣ್ಣು ಮಂಜು. ಹೇಳಿದರೆ ಮನೆಯ ಹೊಸಿಲು ತುಳಿಯಬೇಡ ಅನ್ನುತ್ತಾನೆ, ನಾನು ಹುಟ್ಟಿದ ಮನೆಯವರಲ್ಲಿ ಉಳಿದಿರುವವನು ಅವನೊಬ್ಬನೇ ಎಂಬ ಭಯ. ಹೇಳದೆ ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಕೊನೆಗೆ ಒಂದು ದಿನ ಬೆಳಗಿನ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆ. ಚೌಡಪ್ಪ ಮನೆಯ ಮುಂದೆ ಬಿಸಿಲಿಗೆ ಕೂತಿದ್ದ. ಕುರಿ ಸರಿಸಿದ್ದು, ಹಡಗಿನಲ್ಲಿ ನಡೆದದ್ದು, ಎಲ್ಲವನ್ನೂ ಹೇಳಿದೆ. ಕಾಲು ಹಿಡಿಯಲು ಬಗ್ಗಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡ.

ಹೈಸ್ಕೂಲು ತಪ್ಪಿದ್ದಕ್ಕೆ ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಹೈಸ್ಕೂಲಿನ ಹೆಸರೇ ಎತ್ತಲಿಲ್ಲ. ಹೇಳಿದ್ದು ಇಷ್ಟು: “ಅಲ್ಲಿ ದಾರಿ ಇತ್ತು ಅಂತ ನಾನು ಎದ್ದು ಹೋಗೋವಾಗ ನೋಡಿದ್ದೆ ಕಣಣ್ಣ. ಬಂದು ನೋಡಿದ್ರೆ ಇಲ್ಲ. ಇಲ್ದೇ ಇರೋದು ಇದ್ದಂಗೆ ಕಾಣ್ತದೆ, ನನ್ನ ತಲೇನೇ ಹಿಂಗೆ ಅಂದ್ಕಂಡ್ಬುಟ್ಟೆ. ಅವತ್ತಿಂದ ನಾನು ನೋಡಿದ್ದನ್ನ ನಾನೇ ನಂಬ್ಲಿಲ್ಲ. ಎಲ್ಲಾರ್ನೂ ಒಂದ್ಸಲ ಕೇಳ್ಕಂಡೇ ಬದುಕ್ದೆ.”

ನಾನು ಕದ್ದದ್ದು ಮೂರು ವರ್ಷದ ಓದು ಎಂದೇ ಇಷ್ಟು ಕಾಲ ಲೆಕ್ಕವಿಟ್ಟುಕೊಂಡಿದ್ದೆ.

ಅವನು ಒಳಗಿದ್ದ ಮಗಳನ್ನು ಕೂಗಿ ಕರೆದ. ಅವಳ ಮುಂದೆ ಇನ್ನೊಂದು ಸಲ ಹೇಳು ಎಂದ. ಹೇಳಿದೆ. ಆಮೇಲೆ ಅವಳ ಗಂಡ ಊಟಕ್ಕೆ ಬಂದಾಗ ಅವನ ಮುಂದೆ ಹೇಳಿಸಿದ. ಕ್ಷಮಿಸಿದೆ ಎಂದು ಅನ್ನಲಿಲ್ಲ. ಊಟಕ್ಕೆ ಮಾತ್ರ ಪಕ್ಕದಲ್ಲೇ ಕೂರಿಸಿಕೊಂಡ. ಓದಿದವನು ನೀನು, ಇದನ್ನು ಬರೆದು ಕೊಡು, ಮಗಳ ಕೈಲಿ ಓದಿಸಿ ಕೇಳಬೇಕು ಎಂದ. ಅಂದಿನಿಂದ ಫೋನು ಮಾಡಿದಾಗಲೆಲ್ಲ “ಬರ್ದ್ಯಾ?” ಎಂದು ಕೇಳುತ್ತಾನೆ. ಅದಕ್ಕೇ ಇದನ್ನು ಬರೆದಿದ್ದೇನೆ.

ಕೈಯ ಸಂಗತಿ ಏನೆಂದು ನನಗೆ ಇನ್ನೂ ತಿಳಿದಿಲ್ಲ. ಹಂಸಳನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದ್ದೇನೆ, ಅವಳು ಮಾತು ಬದಲಿಸಿಲ್ಲ. ಆದರೆ ಈಗ ನನ್ನನ್ನು ಕಾಡುವುದು ಅದಕ್ಕಿಂತ ಹೆಚ್ಚಾಗಿ ಚೌಡಪ್ಪ ಕೇಳಿದ ಒಂದು ಪ್ರಶ್ನೆ. ಸಂಜೆ ಮಗಳ ಭುಜ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದ. ನಾನು ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದು, “ಅಣ್ಣ, ಆ ಕೈ ಕುರೀನ ವಾಪಸ್ ಇಡ್ದೇ ಇದ್ದಿದ್ರೆ ನೀನು ಇವತ್ತು ಬತ್ತಿದ್ಯಾ?” ಎಂದು ಕೇಳಿದ.

ಬಸ್ಸು ಹೊರಡುವ ತನಕ ಅವನು ಉತ್ತರಕ್ಕೆ ನಿಂತೇ ಇದ್ದ.