ಡಬ್ಬಿ ಅಕ್ಕನ ಬಲಗೈ

ಬೆಳಕು ಹರಿಯುವ ಮೊದಲು ಅವಳು ಮಾಡುವ ಕೆಲಸಗಳು ಇವು: ಒಲೆ ಹಚ್ಚುವುದು, ಹಾಲು ಕಾಯಿಸುವುದು, ನೆನೆಹಾಕಿದ ಮಗುವಿನ ಬಟ್ಟೆ ಹಿಂಡಿ ಹರವುವುದು, ಹಿಟ್ಟು ನಾದುವುದು, ಮೂವರ ಊಟ ಕಟ್ಟಿ ಮುಚ್ಚಳ ಬಿಗಿಯುವುದು, ಮಗನ ಅಂಗಿಗೆ ಇಸ್ತ್ರಿ, ಆಮೇಲೆ ಐದು ತಿಂಗಳ ಮೊಮ್ಮಗಳ ಸ್ನಾನ. ಇದರಲ್ಲಿ ಹೆಬ್ಬೆರಳು ಬೇಡದ ಕೆಲಸ ಒಂದೂ ಇಲ್ಲವೆಂದು ಅವಳಿಗೆ ತಿಳಿದದ್ದು ಐವತ್ನಾಲ್ಕನೆಯ ವಯಸ್ಸಿನಲ್ಲಿ, ಅದು ಕೈಕೊಟ್ಟ ಮೇಲೆ.

ಚಪ್ಪಲಿ ಅಂಗಡಿಗಳಿಗೆ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳು ಡಬ್ಬಿ ಅಕ್ಕ. ಎಡಗೈಯಲ್ಲಿ ರಟ್ಟು ಹಿಡಿದು ಬಲ ಹೆಬ್ಬೆರಳನ್ನು ಗೆರೆಯುದ್ದಕ್ಕೂ ಒತ್ತಿ ಎಳೆದರೆ ಮಡಿಕೆ ಕೂರುತ್ತದೆ. ಅಂಚು ಚರ್ಮ ಕೊಯ್ಯದಿರಲೆಂದು ಅಲ್ಲಿನ ಹೆಂಗಸರೆಲ್ಲ ಹೆಬ್ಬೆರಳಿಗೆ ಕಾಗದದ ಟೇಪು ಸುತ್ತಿಕೊಳ್ಳುತ್ತಾರೆ. ಮಣಿಕಟ್ಟಿನ ಪಕ್ಕ ನೋವು ಶುರುವಾದಾಗ ಅವಳು ಆ ಟೇಪನ್ನೇ ಮಣಿಕಟ್ಟಿನವರೆಗೂ ಬಿಗಿದಳು. ಬಿಗಿದಷ್ಟೂ ಬೆರಳು ಮರಗಟ್ಟಿ ನೋವು ತಿಳಿಯುತ್ತಿರಲಿಲ್ಲ. ಮನೆಯಲ್ಲೂ ಬಿಚ್ಚುವುದನ್ನು ಬಿಟ್ಟಳು.

ಸೋಮವಾರ ಬೆನ್ನು ತೊಳೆಯಲೆಂದು ಮಗುವನ್ನು ಬಲಗೈಗೆ ಹೊರಳಿಸಿಕೊಂಡಾಗ ಒದ್ದೆ ಟೇಪಿನ ಮೇಲಿಂದ ಮಗು ಜಾರಿತು. ಮರಗಟ್ಟಿದ ಹೆಬ್ಬೆರಳಿಗೆ ಅದು ಗೊತ್ತೇ ಆಗಲಿಲ್ಲ. ಅವಳು ನೋಡುವಷ್ಟರಲ್ಲಿ ಪುಟ್ಟ ಮುಖ ಟಬ್ಬಿನ ನೀರಿನೊಳಗಿತ್ತು, ಕಣ್ಣು ತೆರೆದೇ ಇತ್ತು. ಎಡಗೈಯಿಂದ ಬಾಚಿ ಎತ್ತಿದಳು. ಮಗು ಕೆಮ್ಮಿತು, ಉಸಿರು ಹಿಡಿಯಿತು, ಆಮೇಲೆ ಕಿರುಚಿತು.

"ಅತ್ತೆ, ಯಾಕೆ ಹಾಗೆ ಅಳ್ತಿದಾಳೆ?" ಸೊಸೆ ಕೋಣೆಯಿಂದ ಕೇಳಿದಳು.

"ಕಣ್ಣಿಗೆ ಸೋಪು ಹೋಯ್ತು ಕಣಮ್ಮ."

ಅವತ್ತಿಡೀ ಕಾರ್ಖಾನೆಯಲ್ಲಿ ರಟ್ಟಿನ ಮೇಲೆಲ್ಲ ಆ ತೆರೆದ ಕಣ್ಣು. ಮಂಗಳವಾರ ನೀರಿಗಿಳಿಸದೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಮಗುವಿಗೆ ಶೀತವೆಂದು ಇನ್ನೊಂದು ಸುಳ್ಳು ಹೇಳಿದಳು. ಮಧ್ಯಾಹ್ನದ ಬಿಡುವಿನಲ್ಲಿ ಕಾರ್ಖಾನೆಯ ಎದುರಿನ ಆಸ್ಪತ್ರೆಗೆ ಹೋದಳು.

ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿ ಟೇಪು ಬಿಚ್ಚಿಸಿ, "ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿ. ಈಗ ಮಣಿಕಟ್ಟನ್ನ ಕಿರುಬೆರಳ ಕಡೆ ಬಗ್ಗಿಸಿ" ಎಂದಳು. ಅರ್ಧ ಬಗ್ಗಿಸುವಷ್ಟರಲ್ಲಿ ಮೊಣಕೈವರೆಗೆ ಬೆಂಕಿ ಹತ್ತಿದಂತಾಯಿತು.

"ಹೊಸ ತಾಯಂದಿರಿಗೆ ಜಾಸ್ತಿ ಬರೋ ನೋವಮ್ಮ ಇದು."

"ನನ್ನ ತಲೆಕೂದಲು ನೋಡಿ ಹೇಳವ್ವ."

"ಕೂದಲು ನೋಡ್ಕೊಂಡು ಬರಲ್ಲ ಅದು. ಮಗು ಎತ್ತೋದ್ಯಾರು ಮನೇಲಿ?"

"ನಾನೇ."

"ಬಟ್ಟೆ ಹಿಂಡೋದು?"

"ನಾನೇ."

"ಮಿಕ್ಕೋರಿಗೆ ಕೈ ಇಲ್ವಾ?"

"ಇದೆ. ಫೋನು ಹಿಡ್ಕೊಳ್ಳೋಕೆ ಬೇಕಲ್ಲ."

ಹುಡುಗಿ ನಕ್ಕು ಅವಳ ಕೈಮೇಲೆ ಪೆನ್ನಿನಿಂದ ಗೆರೆ ಎಳೆದಳು. ಮಿಕ್ಕ ಬೆರಳುಗಳು ಬಾಗಿಲಿನ ಹಾಗೆ ತೆರೆದು ಮುಚ್ಚುತ್ತವೆ; ಹೆಬ್ಬೆರಳ ಬುಡದ ಕೀಲು ಮಾತ್ರ ಕುದುರೆಯ ಜೀನಿನ ಮೇಲೆ ಕೂತ ಸವಾರನಂತೆ, ಹಿಂದೆ ಮುಂದೆ, ಆಚೆ ಈಚೆ, ಎಲ್ಲ ಕಡೆಗೂ ಹೊರಳುತ್ತದೆ. ಅದಕ್ಕೇ ಅದು ಉಳಿದ ನಾಲ್ಕನ್ನೂ ಮುಟ್ಟಬಲ್ಲದು, ಹಿಡಿಯಬಲ್ಲದು. ಅದನ್ನು ಎತ್ತಿ ಅಗಲಿಸುವ ಎರಡು ಸ್ನಾಯುಹುರಿಗಳು ಮಣಿಕಟ್ಟಿನ ಪಕ್ಕದ ಕಿರಿದಾದ ಕೊಳವೆಯಲ್ಲಿ ಹಾದು ಬರುತ್ತವೆ.

"ಪೈಜಾಮದ ಸೊಂಟದ ಮಡಿಕೆ, ನೇಫೆ, ಅದರೊಳಗೆ ಲಾಡಿ ಇದ್ದ ಹಾಗೆ. ನೇಫೆ ಊದಿಕೊಂಡಿದೆ, ಲಾಡಿ ಸಿಕ್ಕಿಹಾಕ್ಕೊಳ್ತಿದೆ. ಟೇಪು ಬಿಗಿದು ಇನ್ನಷ್ಟು ಕೆಡಿಸಿದೀರಿ." ಹೆಬ್ಬೆರಳು ಅಲುಗದಂತೆ ಹಿಡಿಯುವ ಪಟ್ಟಿ ಕೊಟ್ಟಳು. "ಆರು ವಾರ. ಎತ್ತೋದು, ಹಿಂಡೋದು ಬೇಡ. ಕಾರ್ಖಾನೇಲಿ ಬೇರೆ ಕೆಲಸ ಕೇಳಿ, ಚೀಟಿ ಬರೆದುಕೊಡ್ತೀನಿ."

ಬುಧವಾರ ಬೆಳಿಗ್ಗೆ ಟಬ್ಬಿನಲ್ಲಿ ನೀರು ತುಂಬಿತ್ತು. ಶೀತದ ನೆಪ ಮುಗಿದಿತ್ತು. "ಇವತ್ತು ಸ್ನಾನ ಮಾಡಿಸಿಬಿಡಿ ಅತ್ತೆ" ಎಂದು ಹೇಳಿ ಸೊಸೆ ಇಸ್ತ್ರಿ ಮಾಡಿದ ಸೀರೆ ಹುಡುಕಲು ಹೋಗಿದ್ದಳು. ಮಗ ಗಡ್ಡ ಹೆರೆದುಕೊಳ್ಳುತ್ತಿದ್ದ. ಮಗು ಚಾಪೆಯ ಮೇಲೆ ಮಲಗಿ ಅವಳನ್ನೇ ನೋಡಿ ಕಾಲು ಒದೆಯುತ್ತಿತ್ತು.

ಅವಳು ಪಟ್ಟಿ ಹಾಕಿಕೊಂಡು ನಿಂತಳು. ಇದನ್ನು ತೋರಿಸಿ ಕೈನೋವು ಎಂದರೆ ಏನಾಗುತ್ತದೆಂದು ಅವಳಿಗೆ ಬಾಯಿಪಾಠವಿತ್ತು. ಮಗ ಅಯ್ಯೋ ಅಮ್ಮ ಅನ್ನುತ್ತಾನೆ, ಸೊಸೆ ಮುಲಾಮು ತಂದುಕೊಡುತ್ತಾಳೆ, ಇದೊಂದು ವಾರ ಹೇಗೋ ಸುಧಾರಿಸಿಕೊಳ್ಳಿ ಅನ್ನುತ್ತಾರೆ. ಟಬ್ಬು ಇಲ್ಲೇ ಇರುತ್ತದೆ. ಅವಳ ನೋವಿಗೆ ಈ ಮನೆಯಲ್ಲಿ ಯಾರೂ ಎದ್ದು ನಿಂತದ್ದಿಲ್ಲ. ಮಗು ಮುಳುಗಿತ್ತು ಎಂದರೆ ಎದ್ದು ನಿಲ್ಲುತ್ತಾರೆ. ಆದರೆ ಆಮೇಲೆ ಈ ಮಗುವನ್ನು ಅವಳ ಕೈಗೆ ಕೊಡುವಾಗಲೆಲ್ಲ ಒಂದು ಕ್ಷಣ ತಡೆಯುತ್ತಾರೆ, ಬಹುಶಃ ಅವಳು ಸಾಯುವವರೆಗೂ.

ಟಬ್ಬನ್ನು ಕಾಲಿನಿಂದ ವಾಲಿಸಿ ನೀರೆಲ್ಲ ಚೆಲ್ಲಿದಳು. ಮಗುವನ್ನು ಎತ್ತಲಿಲ್ಲ. ಪಟ್ಟಿಯಿದ್ದ ಕೈಯನ್ನು ಸೆರಗಿನೊಳಗೆ ಮುಚ್ಚಿ, ಅದರ ಮಾತು ಆಮೇಲೆ ಎಂದುಕೊಂಡು, ಬಾಗಿಲಿಗೆ ಬಂದು ಮಗನನ್ನೂ ಸೊಸೆಯನ್ನೂ ಕರೆದಳು.

"ಇಬ್ಬರೂ ಬನ್ನಿ ಇಲ್ಲಿ. ಸೋಮವಾರ ಮಗು ಕಣ್ಣಿಗೆ ಹೋಗಿದ್ದು ಸೋಪಲ್ಲ."