ಎಂಗೊಜಿ ಎಂಬ ಒಂದೇ ಮಾತು

ತಿಬೆಸಿಗ್ವ ಎಂಬ ಅವಳ ಹೆಸರಿಗೆ 'ಅವರನ್ನು ನಂಬಬಾರದು' ಎಂದರ್ಥ. ಅವಳು ಹುಟ್ಟಿದಾಗ ಅವಳಪ್ಪನಿಗೂ ಪಕ್ಕದ ಮನೆಯವರಿಗೂ ಬದುವಿನ ಜಗಳ ಹತ್ತಿತ್ತು. ಕಿಗೆಜಿಯ ಗುಡ್ಡಗಳಲ್ಲಿ ಸಿಟ್ಟು ಬಂದರೆ ಬಾಯಿಬಿಟ್ಟು ಬೈಯುವುದಿಲ್ಲ, ಮಗುವಿಗೆ ಹೆಸರಿಟ್ಟುಬಿಡುತ್ತಾರೆ. ಆಮೇಲೆ ಮಗುವನ್ನು ಕೂಗಿದಾಗಲೆಲ್ಲ ಮುಟ್ಟಬೇಕಾದವರಿಗೆ ಮುಟ್ಟುತ್ತದೆ. ಅಪ್ಪನ ಸಿಟ್ಟನ್ನು ಮಗಳು ಜೀವಮಾನವೆಲ್ಲ ಹೊತ್ತಳು.

ಹೆಸರಿಗೆ ತಕ್ಕ ಹೆಂಗಸು ಎಂದು ಊರು ನಗುತ್ತಿತ್ತು. ಗಂಡ ಎದೆನೋವಿನಲ್ಲಿ ಹೋದ. ಗಂಡುಮಕ್ಕಳಿಬ್ಬರೂ ದಡಾರದಲ್ಲಿ ಹೋದರು. ಉಳಿದದ್ದು ಕೊಬುಸಿಂಗೆ ಎಂಬ ಮಗಳೊಬ್ಬಳೇ. ಅವಳನ್ನು ತಿಬೆಸಿಗ್ವ ಯಾರ ಕೈಗೂ ಕೊಟ್ಟವಳಲ್ಲ. ಕಳೆ ಕೀಳುವಾಗಲೂ ಜೋಳ ಬಡಿಯುವಾಗಲೂ ಮಗು ಬೆನ್ನ ಮೇಲೆ, ಎಂಗೊಜಿಯಲ್ಲಿ. ಎಂಗೊಜಿ ಎಂದರೆ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆ. ರೋಗಿಯನ್ನೋ ಹೆಣವನ್ನೋ ನಾಲ್ಕು ಜನ ಹೆಗಲ ಮೇಲೆ ಹೊರುವ, ಬುಟ್ಟಿಯ ಹಾಗೆ ಹೆಣೆದ ಡೋಲಿಗೂ ಅದೇ ಹೆಸರು. ಯಾವುದು ಯಾವುದೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿ ಬಂದಿರಲಿಲ್ಲ.

ಕೊಬುಸಿಂಗೆಯ ಗಂಡ ದೂರದ ಚಹಾ ತೋಟದಲ್ಲಿ ಕೂಲಿಗಿದ್ದ. ಬಸುರಿ ತಾಯಿಯ ಮನೆಗೇ ಬಂದಳು. ದಿನ ತುಂಬುತ್ತ ಬಂದಂತೆ ಅವಳ ಕಾಲು, ಮುಖವೆಲ್ಲ ಊದಿಕೊಂಡವು. ತಾಯಿಗೆ ಅನ್ನ ನೀರು ಸೇರದಾಯಿತು. ಒಂದು ದಿನ ಪ್ರಾರ್ಥನಾಕೂಟದಲ್ಲಿ ಎದ್ದು ನಿಂತು ಕಣ್ಣುಮುಚ್ಚಿದಳು.

"ಕರ್ತನೇ, ಇಷ್ಟು ದಿನ ನಾನು ಹೊತ್ತೆ. ಇನ್ನು ನನ್ನ ಕೈಲಾಗಲ್ಲ. ನನ್ನ ಮಗಳನ್ನ ನಿನ್ನ ಎಂಗೊಜಿಗೆ ಹಾಕ್ಕೋ."

ಯಾರ ಬಾಯಿಂದಲೂ ಆಮೆನ್ ಹೊರಡಲಿಲ್ಲ. ಹೊರಗೆ ಬಂದದ್ದೇ ನೆರೆಮನೆಯ ಮುದುಕಿ ಯುನಿಯಾ ಅವಳ ತೋಳು ಹಿಡಿದೆಳೆದಳು.

"ಏನೇ ಅದು ನಿನ್ನ ನಾಲಿಗೆ? ತುಂಬಿದ ಬಸುರೀನ ಎಂಗೊಜಿಗೆ ಹಾಕು ಅಂತ ಯಾರಾದ್ರೂ ಬೇಡ್ಕೋತಾರಾ?"

"ಅಯ್ಯೋ ಅಜ್ಜೀ, ನಾನಂದಿದ್ದು ಬೆನ್ನಿಗೆ ಕಟ್ಕೊಳ್ಳೋದು!"

"ನೀನಂದಿದ್ದು ಅದು. ಆತ ಕೇಳಿಸ್ಕೊಂಡಿದ್ದು ಯಾವುದೋ."

"ಆತನಿಗೂ ನಿನ್ನ ಹಾಗೆ ಕಿವಿ ಮಂದ ಅಂದ್ಕೊಂಡ್ಯಾ?"

ಇಬ್ಬರೂ ನಕ್ಕರು. ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ.

ಆ ವಾರವೇ ಒಂದು ಬೆಳಿಗ್ಗೆ ನೋವು ಬಂತು. ನೋವಿನ ಹಿಂದೆಯೇ ಸೆಳೆತ. ಕೊಬುಸಿಂಗೆ ಮೈ ಸೆಟೆದು, ಹಲ್ಲು ಕಚ್ಚಿ, ಎಚ್ಚರ ತಪ್ಪಿ ಬಿದ್ದಳು. ಗಂಡಸರು ಎಂಗೊಜಿ ತಂದರು. ತಿಬೆಸಿಗ್ವ ಅದರ ಬೊಂಬು ಹಿಡಿದು ಬಿಡಲೊಲ್ಲಳು.

"ನಾನೇ ಹೊರ್ತೀನಿ. ಜಾರಿ ಬೀಳಿಸ್ತೀರಿ ನೀವು."

ಹೊರುವವರ ಮುಂದಾಳು ಬಿತರಬೆಹೊ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಅಕ್ಕಾ, ನಿನ್ನ ಹೆಸರು ಆಮೇಲೆ ಹೇಳ್ಕೋ. ಇವತ್ತೊಂದು ದಿನ ನಮ್ಮನ್ನ ನಂಬು."

ಅವಳು ಕೈಬಿಟ್ಟಳು. ಮಳೆಗೆ ನುಣ್ಣಗಾದ ಇಳಿಜಾರು. ರೋಗಿಯ ಜೀವ ಕುಗ್ಗದಿರಲೆಂದು ಅವರು ದಾರಿಯುದ್ದಕ್ಕೂ ಹಾಡಿದರು. ಒಬ್ಬನೂ ಜಾರಲಿಲ್ಲ. ಆಸ್ಪತ್ರೆಯಲ್ಲಿ ಹೆಣ್ಣುಮಗು ಉಳಿಯಿತು. ತಾಯಿ ಮತ್ತೆ ಕಣ್ಣು ಬಿಡಲಿಲ್ಲ.

ಬರುವಾಗಲೂ ಅದೇ ದಾರಿ, ಅದೇ ಎಂಗೊಜಿ. ಹಾಡು ಮಾತ್ರ ಇರಲಿಲ್ಲ. ಹಿಂದೆ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ತಿಬೆಸಿಗ್ವ. ಹೆಗಲು ಬದಲಿಸಲು ಗಂಡಸರು ನಿಂತಾಗ ಅವಳು ಮುಂದಿದ್ದದ್ದನ್ನು ನೋಡಿದಳು, ಕೈ ಹಿಂದೆ ಹಾಕಿ ಬೆನ್ನ ಮೇಲಿದ್ದದ್ದನ್ನು ಮುಟ್ಟಿದಳು.

"ನಾನು ಕೇಳಿದ್ದು ಇದಲ್ಲ," ಎಂದಳು.

ಬಿತರಬೆಹೊ ತಿರುಗಲಿಲ್ಲ. ಅದು ತನಗೆ ಹೇಳಿದ ಮಾತಲ್ಲವೆಂದು ಅವನಿಗೆ ಗೊತ್ತಿತ್ತು.

ಅಂದಿನಿಂದ ಅವಳು ಪ್ರಾರ್ಥನೆ ಬಿಟ್ಟಳು. ಚರ್ಚಿಗೆ ಹೋದರೂ ತುಟಿ ಹೊಲಿದುಕೊಂಡಂತೆ ಕೂರುವಳು. ಮಗುವಿನ ತಂದೆ ಎನಿಸಿಕೊಂಡವನು ಮಣ್ಣಿಗೆ ಬಂದು, ಹೆಸರು ನೀನೇ ಇಡು ಎಂದು ಹೇಳಿ ಹೋಗಿದ್ದ. ಏನು ಇಡುವಳೋ ಎಂದು ಊರೆಲ್ಲ ಕಾಯುತ್ತಿತ್ತು.

"ಬಜಾರಿರ್ವಾಕಿ ಅಂತಾನೇ ಇಡ್ತಾಳೆ, ನೋಡ್ತಿರು," ಎಂದಳು ಯುನಿಯಾ. 'ಯಾಕಾದರೂ ಹುಟ್ಟುತ್ತಾರೋ' ಎಂಬುದು ಆ ಹೆಸರು. "ಈ ಸಲ ಜಗಳ ಪಕ್ಕದ ಮನೆಯವರ ಹತ್ರ ಅಲ್ಲ, ಮೇಲಿನ ಮನೆಯವನ ಹತ್ರ."

ತಿಬೆಸಿಗ್ವಳ ನಾಲಿಗೆಯ ತುದಿಯಲ್ಲೂ ಅದೇ ಹೆಸರಿತ್ತು.

ಒಂದು ದಿನ ಮಗುವಿನ ಮೈ ಕೆಂಡವಾಯಿತು. ಬೆನ್ನಿಗೆ ಬಿಗಿದುಕೊಂಡು ಗುಡ್ಡ ಇಳಿದಳು. ಮಗು ಎಂಗೊಜಿಯೊಳಗೆ ಒದ್ದಾಡಿತು, ಚೀರಿತು, ಪುಟ್ಟ ಮುಷ್ಟಿಯಿಂದ ಅವಳ ಬೆನ್ನಿಗೆ ಗುದ್ದಿತು. ಎಲ್ಲಿಗೆ ಒಯ್ಯುತ್ತಿದ್ದಾರೋ ಅದಕ್ಕೇನು ಗೊತ್ತು? ಹೊತ್ತವಳ ಮುಖವೂ ಕಾಣದು, ಬೆನ್ನಷ್ಟೇ.

"ಗುದ್ದು, ನನ್ನವ್ವಾ, ಗುದ್ದು," ಎನ್ನುತ್ತ ನಡೆದವಳು ದಾರಿಯ ನಡುವೆ ನಿಂತುಬಿಟ್ಟಳು. "ನಾನೂ ಗುದ್ತಾನೇ ಇದೀನಿ," ಎಂದಳು. ಪ್ರಾರ್ಥನೆ ಬಿಟ್ಟ ಮೇಲೆ ಅವಳು ದೇವರ ಜೊತೆ ಆಡಿದ ಮೊದಲ ಮಾತು ಅದು. ಅವಳು ನಡೆದಳು.

ಜ್ವರ ಇಳಿದ ಮೇಲಿನ ಭಾನುವಾರ ದೀಕ್ಷಾಸ್ನಾನಕ್ಕೆ ಪಾದ್ರಿ ಕೈಚಾಚಿದರು. ಎಂಗೊಜಿಯ ಗಂಟು ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಮಗುವನ್ನು ಅವರ ಕೈಗಿಟ್ಟಳು.

"ಹೆಸರೇನಮ್ಮಾ?"

ಇಡೀ ಚರ್ಚು ಕಿವಿಯಾಯಿತು.

"ಕ್ಯೋಮುಕಾಮ."

ಕರ್ತನದು, ಎಂದರ್ಥ.

ಹಿಂದಿನ ಬೆಂಚಿನಿಂದ ಯುನಿಯಾ ತಡೆಯಲಾರದೆ ಕೇಳಿಯೇಬಿಟ್ಟಳು. "ಇದರಲ್ಲಿ ಬೈಗುಳ ಎಲ್ಲಿದೆಯೇ?"

"ಇದೆ ಅಜ್ಜೀ, ನನಗೆ. ಕೂಗಿದಾಗಲೆಲ್ಲ ನನ್ನ ಕಿವಿಗೆ ಬೀಳ್ಲಿ ಅಂತ."

ಮಗುವನ್ನು ಮತ್ತೆ ಬೆನ್ನಿಗೆ ಕಟ್ಟಿಕೊಂಡು, ಇನ್ನೂ ಹುಲ್ಲು ಮೊಳೆಯದ ಮಗಳ ಗೋರಿಯ ಪಕ್ಕದಿಂದಲೇ ಮನೆಗೆ ಹೊರಟಳು. ಅಲ್ಲಿ ನಿಂತು ಅತ್ತಳು. ಅಳು ಮುಗಿಯದಿದ್ದರೂ, ಹಾಲಿನ ಹೊತ್ತಾಯಿತೆಂದು ಗುಡ್ಡ ಹತ್ತಿದಳು.